ಬಾಯಿ ಬಿಟ್ಟ ಅಂಚು

ನಮ್ಮ ಮನೆಯಲ್ಲಿ ಕೂಸು ಹುಟ್ಟುವ ಮೊದಲು ಅದರ ದುಪಟಿಯ ಅಂಚನ್ನು ಮುಚ್ಚುತ್ತಿರಲಿಲ್ಲ. ದುಪಟಿ ಅಂದರೆ ಕೂಸಿಗೆ ಸುತ್ತುವ ಬಟ್ಟೆ. ಹಳೆಯ ಧೋತರ ಒಗೆದು ಒಗೆದು ಮೆತ್ತಗಾದ ಮೇಲೆ ಎರಡು ಪದರ ಮಾಡಿ ಹೊಲಿದು, ನಾಲ್ಕೂ ಕಡೆ ಬಿಳಿ ದಾರದಿಂದ ಕ್ರೋಶಾ ಅಂಚು ಕಟ್ಟುತ್ತಿದ್ದರು. ಆ ಅಂಚು ಸುತ್ತಿ ಬಂದು, ಹೊರಟ ಜಾಗಕ್ಕೆ ಸೇರುವ ಮುಂಚೆ, ಬೆರಳಗಲ ಬಿಟ್ಟು ನಿಲ್ಲಿಸಬೇಕು. ಅದಕ್ಕೆ ಬಾಯಿ ಬಿಡುವುದು ಅನ್ನುತ್ತಿದ್ದರು. ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ, ಅದರ ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ, ಬಾಯಿ ಮುಚ್ಚಿ ಗಂಟು ಹಾಕಬೇಕು. ಆಮೇಲೆ ಕೂಸನ್ನು ಅದರಲ್ಲಿ ಸುತ್ತಿ, ಕಿವಿಯಲ್ಲಿ ಹೆಸರು ಹೇಳಬೇಕು. ಗಂಟೂ ಅವಳದೇ, ಹೆಸರೂ ಅವಳದೇ. ಹುಟ್ಟುವ ಮೊದಲೇ ಮುಚ್ಚಿದರೆ ಏನಾಗುತ್ತದೆ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ತಲೆಗೆ ಒಂದು ಏಟು ಕೊಡುತ್ತಿದ್ದರು. ಅದರಿಂದ ತಿಳಿದುಕೊಳ್ಳಬೇಕಾಗಿತ್ತು.

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಓಣಿಯಲ್ಲಿ ನಮ್ಮ ಮನೆ. ನಾವು ಬರೀ ಕಲ್ಯಾಣ ಅನ್ನುತ್ತೇವೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಓಣಿಯ ಕಡೆಗೆ ಒಂದೂ ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಮೊರದಷ್ಟು ಬಿಸಿಲು ಪಡಸಾಲೆಗೆ ಬೀಳುತ್ತಿತ್ತು. ಮುಂಜಾನೆ ಆ ಬಿಸಿಲು ಕಾಳು ತುಂಬಿಡುವ ಗಳಿಗೆ ಬುಟ್ಟಿಯ ಮೇಲೆ, ಮಧ್ಯಾಹ್ನ ಬೀಸುಕಲ್ಲಿನ ಹತ್ತಿರ, ಸಂಜೆಗೆ ಬಾಗಿಲ ಕಡೆ. ನನ್ನ ಸೋದರತ್ತೆ ಕಾಶಮ್ಮ ದಿನವೆಲ್ಲ ಆ ಬಿಸಿಲಿನ ಜೊತೆ ಸರಿಯುತ್ತಿದ್ದಳು. ಮಡಿಲಲ್ಲಿ ಯಾರದೋ ದುಪಟಿ, ಕೈಯಲ್ಲಿ ಕೊಕ್ಕೆ ಸೂಜಿ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಅಡುಗೆಮನೆಯ ಕಡೆ ಮುಖ ಮಾಡಿ ಕೂಗುತ್ತಿದ್ದಳು.

"ಕಾಶಿ ಬಾಗಲಿಗಿ ಬಂದಾಳ. ರೊಟ್ಟಿ ಬಡೀರಿನ್ನ."

ರೊಟ್ಟಿ ಬಡಿಯುವವಳು ಅವ್ವ. ಅವಳ ಹೆಸರು ನೀಲಮ್ಮ. ಅಪ್ಪ ಅಡತಿ ಅಂಗಡಿಯಲ್ಲಿ ತೊಗರಿ ಅಳೆಯುತ್ತಿದ್ದ. ಮನೆಯಲ್ಲಿ ಅವನ ಮಾತು ಕೇಳಿಸಿದ್ದು ಕಡಿಮೆ. ಗಂಟಲು ಸರಿ ಮಾಡಿಕೊಳ್ಳುವುದು ಕೇಳಿಸುತ್ತಿತ್ತು, ಆಮೇಲೆ ಚಪ್ಪಲಿಯ ಸಪ್ಪಳ ಕೇಳಿಸುತ್ತಿತ್ತು. ಇನ್ನು ನಾನು, ಗುಂಡಮ್ಮ. ಗುಂಡಿ ಎಂದು ಕರೆಯುತ್ತಿದ್ದರು, ಈಗಲೂ ಕರೆಯುವವರು ಇದ್ದಾರೆ.

ಅತ್ತೆ ಅಪ್ಪನಿಗಿಂತ ದೊಡ್ಡವಳು. ಹುಮನಾಬಾದಿಗೆ ಕೊಟ್ಟಿದ್ದರು. ಹೆತ್ತ ಕೂಸುಗಳು ಒಂದೂ ಉಳಿಯಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಅತ್ತೆ ಒಂದು ತಗಡಿನ ಟ್ರಂಕು ತೆಗೆದುಕೊಂಡು ಬಸ್ಸು ಹತ್ತಿ ತವರಿಗೆ ಬಂದಳು. ಕೊನೆಯ ಕೂಸು ಹೋದಾಗ ಅಲ್ಲಿ ನೆರೆಮನೆಯ ಬೂವಮ್ಮ ಇವಳ ಕೈಗೆ ದಾರ ಮತ್ತು ಸೂಜಿ ಕೊಟ್ಟು, ಕೈ ಖಾಲಿ ಇಡಬೇಡ ಅಂದಿದ್ದಳಂತೆ. ಟ್ರಂಕಿನಲ್ಲಿ ಸೀರೆಗಿಂತ ದಾರದ ಉಂಡೆ ಜಾಸ್ತಿ ಇದ್ದವು. ಸೂಜಿಯನ್ನು ಮಾತ್ರ ಟ್ರಂಕಿನಲ್ಲಿ ಇಡುತ್ತಿರಲಿಲ್ಲ, ತುರುಬಿನಲ್ಲಿ ಚುಚ್ಚಿಕೊಳ್ಳುತ್ತಿದ್ದಳು. ನಾನು ಅವಳ ಮಗ್ಗುಲಲ್ಲೇ ಮಲಗುತ್ತಿದ್ದೆ. ಆ ಸೂಜಿ ನನ್ನ ಹಣೆಗೆ ಒತ್ತಿ ಮುಂಜಾನೆ ಗುರುತು ಇರುತ್ತಿತ್ತು.

ಕೆಲಸ ನೋಡಲು ಸುಲಭ. ಬಟ್ಟೆಯ ಸುತ್ತ ಮೊದಲು ಕಾಜಾ ಹೊಲಿಗೆ ಹಾಕಬೇಕು, ಅಂಗಿಯ ಗುಂಡಿಮನೆಗೆ ಹಾಕುತ್ತಾರಲ್ಲ ಹಾಗೆ. ಆ ಹೊಲಿಗೆಯೊಳಗೆ ಕೊಕ್ಕೆ ತೂರಿಸಿ ದಾರ ಎಳೆದು, ಕುಣಿಕೆಯೊಳಗೆ ಕುಣಿಕೆ ಹಾಕುತ್ತ ಹೋದರೆ ಸರಪಳಿ ಆಗುತ್ತದೆ. ಸರಪಳಿಯ ಮೇಲೆ ನಿಲ್ಲುವ ಉದ್ದ ಕುಣಿಕೆ ಕಂಬ, ಕಂಬಗಳನ್ನು ಒಂದೇ ಬುಡದಲ್ಲಿ ಒತ್ತಿ ನಿಲ್ಲಿಸಿದರೆ ಕಂಗೂರ. ಕೋಟೆಯ ಗೋಡೆಯ ಮೇಲೆ ಹಲ್ಲು ಹಲ್ಲಾಗಿ ಇರುತ್ತದಲ್ಲ, ಅದೇ ಹೆಸರು ಇದಕ್ಕೂ. ಮೂಲೆಯಲ್ಲಿ ಒಂದೆರಡು ಕಂಬ ಹೆಚ್ಚಿಗೆ ಹಾಕದಿದ್ದರೆ ದುಪಟಿ ಹಪ್ಪಳದಂತೆ ಮುದುರುತ್ತದೆ. ನಾನು ಮೊದಲ ಸಲ ಒಂದು ಗೇಣು ಅಂಚು ಹಾಕಿ ತೋರಿಸಿದಾಗ ಅತ್ತೆ ತಿರುಗಿಸಿ ಮುರುಗಿಸಿ ನೋಡಿದಳು. ನಾನು ಹೊಗಳುತ್ತಾಳೆ ಅಂದುಕೊಂಡಿದ್ದೆ.

"ಆ ತುದಿ ಹಿಡದು ಎಳಿ."

"ಯಾಕ?"

"ಎಳಿ ಅಂದ್ರ ಎಳಿ. ಕೇಳಾಕತ್ತಾಳ ದೊಡ್ಡಾಕಿ."

ಎಳೆದೆ. ಸರಸರ ಬಿಚ್ಚಿಕೊಂಡು ಬಂತು. ನನ್ನ ಎರಡು ಮಧ್ಯಾಹ್ನದ ಕೆಲಸ ಗುಂಗುರು ಕೂದಲಿನ ಹಾಗೆ ಮಡಿಲಲ್ಲಿ ಬಿತ್ತು. ಅಳು ಬಂತು.

"ಅಳಬ್ಯಾಡ, ನೋಡ್ಕೋ. ಇದು ಹೊಲಿಗಿ ಅಲ್ಲ, ಗುಂಡಿ. ಹೊಲಿಗಿ ಹರದ್ರ ಹರದಲ್ಲೇ ಹರೀತದ. ಇದು ಪೂರಾ ಒಂದೇ ದಾರ. ಕಡೀ ಕುಣಿಕಿಗಿ ಗಂಟ ಬೀಳೋ ತನಕ ಏನೂ ಮಾಡೇ ಇಲ್ಲಂತ ತಿಳಕೋ."

ಇಷ್ಟು ಗೊತ್ತಿದ್ದವಳು ಬಾಯಿ ಬಿಟ್ಟ ಅಂಚನ್ನು ಒಪ್ಪಲು ಸಾಧ್ಯವಿಲ್ಲ. ಒಪ್ಪಿರಲಿಲ್ಲ ಕೂಡ. ಈ ಪದ್ಧತಿ ಹುಟ್ಟಿದ್ದು ಕೌದಿಯ ಕಾಲದಲ್ಲಿ. ಕೂಸಿನ ಕೌದಿಗೆ ಒಂದು ಮೂಲೆ ಹೊಲಿಯದೆ ಬಿಡುತ್ತಿದ್ದರು. ಕೌದಿಯ ಮೂಲೆ ಬಿಟ್ಟರೆ ಏನೂ ಆಗುವುದಿಲ್ಲ, ಒಳಗಿನ ಚಿಂದಿ ಸ್ವಲ್ಪ ಕಾಣುತ್ತದೆ ಅಷ್ಟೆ. ಆಮೇಲೆ ಕ್ರೋಶಾ ಬಂತು, ಆಯಿ ಅದೇ ಪದ್ಧತಿಯನ್ನು ತಂದು ಇದಕ್ಕೂ ಹಚ್ಚಿದಳು. ಅತ್ತೆ ಒಂದು ಸಲ ತಿಳಿಸಿ ಹೇಳಲು ನೋಡಿದಳು.

"ಅವ್ವಾ, ಕೌದಿ ಬ್ಯಾರೆ, ಇದು ಬ್ಯಾರೆ. ಇದರ ಬಾಯಿ ಬಿಟ್ರ ಪೂರಾ ಬಿಚ್ಚಿ ಹೋಗ್ತದ."

"ನಮ್ಮತ್ತಿ ಬಿಡ್ತಿದ್ಲು, ನಾ ಬಿಟ್ಟೀನಿ, ನೀನೂ ಬಿಡು. ನಿನ್ನ ಬೂವಮ್ಮನ ಸೂಜಿ ಬಂದು ನಮ್ಮ ಪದ್ಧತಿ ತಿದ್ದತದೇನು?"

ಅತ್ತೆ ವಾದ ಬೆಳೆಸಲಿಲ್ಲ. ಕೊನೆಯ ಕುಣಿಕೆಗೆ ಒಂದು ಪಿನ್ನು ಚುಚ್ಚಿ, ದಾರದ ಉಂಡೆಯನ್ನು ಹಾಗೇ ಜೋತುಬಿಟ್ಟು ಕೊಡತೊಡಗಿದಳು. ಓಣಿಯ ಅರ್ಧ ಕೂಸುಗಳು ಅವಳ ದುಪಟಿಯಲ್ಲೇ ಮಲಗಿದವು. ತುರುಕರ ಮನೆಯವರೂ ಒಯ್ಯುತ್ತಿದ್ದರು, ಅವರಿಗೆ ಈ ಬಾಯಿಯ ಗೊಡವೆ ಇರಲಿಲ್ಲ, ಮುಚ್ಚಿಸಿಕೊಂಡೇ ಹೋಗುತ್ತಿದ್ದರು. ನಮ್ಮವರು ಮಾತ್ರ ಪಿನ್ನು ಸಮೇತ ಒಯ್ದು ತಮ್ಮ ತಮ್ಮ ಸೋದರತ್ತೆಯರ ಕೈಯಲ್ಲಿ ಮುಚ್ಚಿಸುತ್ತಿದ್ದರು. ಆ ಹೆಂಗಸರು ಮೊದಲೇ ಬಂದು ಅತ್ತೆಯ ಹತ್ತಿರ ಗಂಟು ಹಾಕುವುದನ್ನು ಕಲಿತು ಹೋಗುತ್ತಿದ್ದರು. ಕಲಿಸುವಾಗ ಅತ್ತೆ ಯಾರದೋ ಹಳೆಯ ಚಿಂದಿಯ ಮೇಲೆ ಕಲಿಸುತ್ತಿದ್ದಳು. ಒಯ್ದ ದುಪಟಿಯನ್ನು ಮತ್ತೆ ಅವಳ ಕೈಗೆ ಮುಟ್ಟಿಸುತ್ತಿರಲಿಲ್ಲ ಅವರು, ಕೂಸು ಉಳಿಯದವಳು ಎಂದು.

ಅವ್ವನಿಗೂ ಅತ್ತೆಗೂ ದಿನಾ ಜಗಳ. ದೊಡ್ಡ ಜಗಳವಲ್ಲ. ಬಿಳಿ ದಾರಕ್ಕೆ ಅರಿಶಿಣ ತಾಗಿದರೆ ಹೋಗುವುದಿಲ್ಲ ಎಂದು ಅತ್ತೆ ಒಗ್ಗರಣೆಗೆ ಕೈ ಹಾಕುತ್ತಿರಲಿಲ್ಲ. ಬೀಸುವುದು, ನೀರು ತರುವುದು, ದನದ ಸೆಗಣಿ ಎಲ್ಲ ಮಾಡುತ್ತಿದ್ದಳು. ಖಾರ ಕುಟ್ಟುವುದು, ಬೇಳೆ ಬೇಯಿಸುವುದು ಮಾತ್ರ ಇಲ್ಲ. ಅವ್ವ ಪುಂಡಿಪಲ್ಯ ತಿರುವುತ್ತ ಪಾತ್ರೆಗೆ ಹೇಳುವವಳ ಹಾಗೆ ಹೇಳುತ್ತಿದ್ದಳು.

"ಅಕ್ಕೋರ ಕೈಗಿ ಅರಿಶಿಣ ಹತ್ತಬಾರದಂತ. ನಮ್ಮ ಕೈ ಏನ್ ಕಬ್ಬಿಣದ್ದವೇನು?"

"ನೀಲಾ, ಮಂದಿ ದುಪಟಿಗಿ ಹಳದಿ ಹತ್ತಿದ್ರ ನೀ ಹೋಗಿ ಉತ್ತರ ಕೊಡ್ತಿಯೇನು?"

"ನಾ ಯಾಕ ಕೊಡ್ಲಿ? ನಾ ಏನ್ ಬಿಸಲಾಗ ಕುಂತು ಉಣ್ಣಾಕತ್ತೀನೇನು?"

ಇಂಥವು. ಇದರ ಕೆಳಗೆ ಬೇರೆಯೇ ಒಂದು ಮಾತಿತ್ತು. ನಾನು ಹುಟ್ಟಿದ ಮೇಲೆ ಅವ್ವನಿಗೆ ಇನ್ನೊಂದು ಹೆಣ್ಣು ಕೂಸು ಆಗಿತ್ತು. ಅದರ ದುಪಟಿಯ ಬಾಯಿ ಮುಚ್ಚಿದ್ದು ಕಾಶಮ್ಮ ಅತ್ತೆಯೇ, ಹೆಸರು ಹೇಳಿದ್ದೂ ಅವಳೇ. ಹಲ್ಲು ಬರುವ ಮುಂಚೆ ಆ ಕೂಸು ಜ್ವರ ಬಂದು ಹೋಯಿತು. ಆಮೇಲೆ ಅವ್ವ ಮತ್ತೆ ಬಸುರಾದಾಗ ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕುಳಿತಿದ್ದ. ನಾನು ಪಡಸಾಲೆಯಲ್ಲಿ ಅತ್ತೆಯ ಹತ್ತಿರ ದಾರ ಸುತ್ತುತ್ತಿದ್ದೆ. ಅಡುಗೆಮನೆಗೆ ಬಾಗಿಲು ಇರಲಿಲ್ಲ.

"ಆಕಿ ಗಂಟ ಹಾಕಿದ ಕೂಸ ಹೋತು. ಈ ಸಲ ನಾ ಆಕಿ ಕೈಗಿ ಕೊಡಂಗಿಲ್ಲ."

"ಜ್ವರ ಬಂದು ಹೋಗ್ಯಾದ ಅದು."

"ಜ್ವರ ಯಾಕ ಬಂತು?"

ಅಪ್ಪ ಗಂಟಲು ಸರಿ ಮಾಡಿಕೊಂಡ. ನಾನು ಅತ್ತೆಯ ಕೈ ನೋಡಿದೆ. ಕೊಕ್ಕೆ ನಿಲ್ಲಲಿಲ್ಲ, ಅದೇ ಓಟದಲ್ಲಿ ಹೋಗುತ್ತಿತ್ತು. ಅವಳು ಹೆಣೆಯುತ್ತಿದ್ದುದು ಅದೇ ಹೊಟ್ಟೆಯೊಳಗಿನ ಕೂಸಿನ ದುಪಟಿ. ಆ ವಯಸ್ಸಿನಲ್ಲೇ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಈ ಅಂಚಿಗೆ ಅತ್ತೆ ಗಂಟು ಹಾಕಿದರೆ ಅವಳು ಈ ಮನೆಯ ಮಗಳು. ಹಾಕದಿದ್ದರೆ ಉಣ್ಣಲು ಬಂದವಳು. ನಡುವೆ ಬೇರೆ ಜಾಗ ಇರಲಿಲ್ಲ.

ಅವ್ವನ ತವರು ಹುಮನಾಬಾದಿನ ಆಚೆ ಘಾಟಬೋರಾಳ. ಹೆರಿಗೆಗೆ ಕರೆದುಕೊಂಡು ಹೋಗಲು ಅವಳ ಅಣ್ಣ ಬಂದಿದ್ದ. ಅವ್ವ ಬಟ್ಟೆಯ ಗಂಟು ಕಟ್ಟಿಕೊಂಡಳು, ದುಪಟಿಯನ್ನು ಗಂಟಿನ ಹೊರಗೇ ಬಿಟ್ಟಳು. ಆಯಿ ಅದನ್ನು ಎತ್ತಿ ತಾನೇ ಒಳಗೆ ತುರುಕಿದಳು. ಅತ್ತೆ ಬಾಗಿಲ ತನಕ ಬಂದಳು.

"ನೀಲಾ, ಪಿನ್ನ ತಗೀಬ್ಯಾಡ. ಉಂಡಿ ಕತ್ತರಸಬ್ಯಾಡ. ನಾ ಬಂದು ಮುಚ್ತೀನಿ."

"ನೋಡಾಮ ಬಿಡ್ರಿ."

ಅವ್ವ ಅಷ್ಟೇ ಅಂದಿದ್ದು. ಬೈದಿದ್ದರೆ ಅತ್ತೆ ತಿರುಗಿ ಬೈಯುತ್ತಿದ್ದಳು. ನೋಡಾಮ ಅಂದವರಿಗೆ ಏನು ಬೈಯುವುದು? ಒಳಗೆ ಹೋಗಿ ಬೀಸುಕಲ್ಲಿಗೆ ಕುಳಿತಳು. ಬಿಸಿಲು ಗಳಿಗೆಯ ಮೇಲಿತ್ತು, ಅವಳು ಅದರ ಹೊರಗೆ ಕುಳಿತಿದ್ದಳು. ಹಾಗೆ ನಾನು ನೋಡಿರಲಿಲ್ಲ.

ಗಂಡು ಎಂದು ಸುದ್ದಿ ಬಂತು. ತೊಟ್ಟಿಲ ದಿನಕ್ಕೆ ಆಯಿ, ಅತ್ತೆ, ನಾನು ಹೊರಟೆವು. ಅಪ್ಪನಿಗೆ ತೊಗರಿಯ ಸುಗ್ಗಿ, ಬರಲಾಗಲಿಲ್ಲ. ಬಂದಿದ್ದರೂ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕು. ಟ್ರಂಕು ಹಿಡಿದು ಬಂದ ಮೇಲೆ ಅತ್ತೆ ಆ ಊರಿಗೆ ಕಾಲಿಟ್ಟಿರಲಿಲ್ಲ. ಇಳಿಯುವ ಮುಂಚೆಯೇ ಆಯಿ ಶುರು ಮಾಡಿದಳು.

"ಸೆರಗ ಮುಖದ ಮ್ಯಾಲ ತಗೋ ಕಾಶಿ. ಅವರ ಮಂದಿ ಯಾರರ ನೋಡ್ಯಾರು."

"ನೋಡ್ಲಿ. ನಾ ಯಾರ ಮನೀದೂ ಎತ್ಕೊಂಡು ಬಂದಿಲ್ಲ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಮೆಣಸಿನಕಾಯಿ ಭಜಿ ತಂದಳು. ನಾವು ಅದನ್ನು ತಿನ್ನುತ್ತಿದ್ದಾಗ ಅವಳ ಗಂಡನ ಓಣಿಯ ಒಬ್ಬ ಹೆಂಗಸು ಎದುರಿಗೆ ಬಂದು ನಿಂತಳು. ಕೈಯಲ್ಲಿ ಸಂತೆಯ ಚೀಲ.

"ಕಾಶವ್ವ ಅಲ್ಲೇನು? ಎಲ್ಲಿಗಿ ಹೊಂಟೀರಿ?"

"ಘಾಟಬೋರಾಳಕ್ಕ. ತಮ್ಮನ ಮಗನಿಗಿ ಹೆಸರಿಡಾಕ."

"ನೀನ ಇಡ್ತಿಯೇನು?"

ಆ 'ನೀನ' ಅನ್ನುವುದನ್ನು ಅವಳು ಎಳೆದ ರೀತಿ ಈಗಲೂ ನನ್ನ ಕಿವಿಯಲ್ಲಿದೆ.

"ಮತ್ತ್ಯಾರ ಇಡ್ತಾರ? ಸ್ವಾದರತ್ತಿ ನಾನೇ ಇದೀನಿ. ಭಜಿ ತಿಂತೀರೇನು? ಬಿಸಿ ಅವ."

ಹೆಂಗಸು ಭಜಿ ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಅತ್ತೆ ತುರುಬಿನಿಂದ ಸೂಜಿ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಚುಚ್ಚಿಕೊಂಡಳು. ದಾರಿಯಲ್ಲಿ ಮತ್ತೆ ತೆಗೆದು ಮತ್ತೆ ಒರೆಸಿದಳು.

ಘಾಟಬೋರಾಳದ ಮನೆಯಲ್ಲಿ ಹೆಂಗಸರು ತುಂಬಿದ್ದರು. ಲೋಬಾನದ ಹೊಗೆ, ಹುಗ್ಗಿಯ ವಾಸನೆ. ಅವ್ವ ಒಳಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ಕೂಸು ಕೆಂಪಗೆ, ಕಣ್ಣು ಮುಚ್ಚಿಕೊಂಡಿತ್ತು, ನೋಡುವಂಥದ್ದೇನಿರಲಿಲ್ಲ. ಅತ್ತೆ ಕೂಸಿಗಿಂತ ಮೊದಲು ದುಪಟಿ ನೋಡಿದಳು. ಬಾಯಿ ಮುಚ್ಚಿತ್ತು. ಜೋಳದ ಚೀಲದ ಬಾಯಿ ಹೊಲಿದ ಹಾಗೆ, ಎರಡು ತುದಿಗಳನ್ನು ಜಗ್ಗಿ ಸೂಜಿಯಿಂದ ಹೊಲಿದಿದ್ದರು. ಅದೂ ಕರಿ ದಾರದಿಂದ, ದೃಷ್ಟಿಯಾಗಬಾರದೆಂದು.

"ಯಾರ್ ಹೊಲದ್ರು?"

ಅವ್ವನ ತಂಗಿ, ನಮ್ಮ ಚಿಗವ್ವ, ಬಾಗಿಲಲ್ಲಿ ನಿಂತಿದ್ದಳು. "ನಾನೇ ಹೊಲದೀನ್ರಿ. ಕೂಸಿಗಿ ತಂಡಿ ಹೊಕ್ಕೀತು ಅಂತ."

ಬೆರಳಗಲದ ಜಾಲರಿಯಿಂದ ತಂಡಿ ಹೋಗುವುದಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಪಿನ್ನ?"

"ಚುಚ್ಚೀತು ಅಂತ ತಗದಿವ್ರಿ. ಉಂಡಿನೂ ಕತ್ತರಸೀವಿ, ಕಾಲಾಗ ಬರಾಕತ್ತಿತ್ತು."

"ಕುಣಿಕಿಯೊಳಗ ದಾರ ತೂರಸೀರೇನು?"

"ಯಾವ ಕುಣಿಕೀರಿ?"

ಅತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಅವ್ವ ಗೋಡೆಯ ಕಡೆ ನೋಡುತ್ತ ಹೇಳಿದಳು.

"ಹೆಸರ ಅತ್ತೀ ಹೇಳ್ತಾರ. ಹಿರ್ಯಾರು ಹೇಳೂದೇ ಛಲೋ."

ಅತ್ತಿ ಅಂದರೆ ಅವಳ ಅತ್ತೆ, ನಮ್ಮ ಆಯಿ. ಆಯಿ ಒಮ್ಮೆ ಮಗಳ ಕಡೆ ನೋಡಿದಳು, ಒಮ್ಮೆ ಕೂಸಿನ ಕಡೆ ನೋಡಿದಳು. ಪದ್ಧತಿ ಪದ್ಧತಿ ಎಂದು ಮನೆಯನ್ನೆಲ್ಲ ಕುಣಿಸುತ್ತಿದ್ದವಳು ಅವತ್ತು "ಹೂಂ" ಅಂದಳು, ಅಷ್ಟೆ. ಅತ್ತೆ ತೆರೆದ ಬಾಯಿ ಮುಚ್ಚಿಕೊಂಡು ನನ್ನ ಮಗ್ಗುಲಿಗೆ ಬಂದು ಕುಳಿತಳು.

ಕಟ್ಟಿಗೆಯ ತೊಟ್ಟಿಲನ್ನು ತೊಲೆಗೆ ಕಟ್ಟಿದ್ದರು. ಹೆಸರಿಡುವ ಮುಂಚೆ ಕೂಸನ್ನು ದುಪಟಿಯಲ್ಲಿ ಸುತ್ತಿ, ಒಬ್ಬಳು ತೊಟ್ಟಿಲ ಕೆಳಗಿಂದ ಕೊಡುವುದು, ಆ ಕಡೆಯವಳು ತೆಗೆದುಕೊಂಡು ಮೇಲಿಂದ ವಾಪಸು ಕೊಡುವುದು. ಉಳಿದವರು ಹಾಡುವುದು. ಒಂದು ಕಡೆ ಚಿಗವ್ವ ನಿಂತಳು, ಇನ್ನೊಂದು ಕಡೆ ನೆರೆಮನೆಯವಳು. ಕೂಸು ಕೆಳಗಿಂದ ಹೋಯಿತು, ಮೇಲಿಂದ ಬಂತು. ಎರಡನೆಯ ಸಲ ಕೆಳಗೆ ಹೋದಾಗ ನಾನು ನೋಡಿದೆ. ಕತ್ತರಿಸಿ ಬಿಟ್ಟ ಬಿಳಿ ದಾರದ ತುದಿ ತೊಟ್ಟಿಲ ಮಗ್ಗುಲಿನ ಮೊಳೆಗೆ ಸಿಕ್ಕಿಕೊಂಡಿತ್ತು. ಕೂಸು ಹೋದಂತೆ ದಾರವೂ ಹೋಗುತ್ತಿತ್ತು. ಒಂದು ಕಂಗೂರ ಹೋಯಿತು. ಅದರ ಮಗ್ಗುಲಿನದು ಹೋಯಿತು.

"ಅತ್ತಿ, ದಾರ..."

ಅತ್ತೆ ನನ್ನ ಮಣಿಕಟ್ಟು ಹಿಡಿದಳು. ಸುಮ್ಮನಿರು ಎಂದು ಬಾಯಲ್ಲಿ ಹೇಳಲಿಲ್ಲ, ಕೈಯಲ್ಲಿ ಹೇಳಿದಳು. ಅವಳು ನನಗಿಂತ ಮೊದಲೇ ನೋಡಿದ್ದಳು. ಕೂಸು ಕೆಳಗಿಂದ, ಮೇಲಿಂದ, ಕೆಳಗಿಂದ. ಹೆಂಗಸರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಅಂಚು ಬಿಚ್ಚಿ ಬಿಚ್ಚಿ ತೊಟ್ಟಿಲಿಗೆ ಸುತ್ತಿಕೊಳ್ಳುತ್ತಿತ್ತು, ಆಲದ ಮರಕ್ಕೆ ದಾರ ಸುತ್ತುತ್ತಾರಲ್ಲ ಹಾಗೆ. ಅತ್ತೆ ತಿಂಗಳುಗಟ್ಟಲೆ ಕುಳಿತು ಮಾಡಿದ್ದು ಅದು. ಅದು ಹೋಗುವುದನ್ನು ಅವಳು ರೆಪ್ಪೆ ಬಡಿಯದೆ ನೋಡಿದಳು. ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ಮಣಿಕಟ್ಟು ಸಂಜೆಯ ತನಕ ನೋಯುತ್ತಿತ್ತು.

ಕೊನೆಗೆ ಒಬ್ಬ ಮುದುಕಿ ಕೂಗಿದಳು.

"ನಿಲ್ರಿ, ನಿಲ್ರಿ! ತೊಟ್ಟಲಿಗಿ ಏನ್ ಸುತ್ತಾಕತ್ತದ ನೋಡ್ರಿ!"

ಹಾಡು ನಿಂತಿತು. ದುಪಟಿಯ ಒಂದು ಮಗ್ಗುಲು ಪೂರಾ ಬೋಳಾಗಿತ್ತು. ಚಿಗವ್ವ ಹೊಲಿದ ಕರಿ ದಾರ ಮಾತ್ರ, ಯಾವುದನ್ನೂ ಹಿಡಿದುಕೊಳ್ಳದೆ, ಸತ್ತ ಇರುವೆಯ ಹಾಗೆ ಜೋತಾಡುತ್ತಿತ್ತು. ಒಬ್ಬಳು ಅಪಶಕುನ ಅಂದಳು. ಇನ್ನೊಬ್ಬಳು ಕೂಸಿನ ಆಯುಷ್ಯದ ದಾರವೇ ಬಿಚ್ಚಿತು ಅಂದಳು. ಅವ್ವ ಒಳಕೋಣೆಯಿಂದ ಎದ್ದು ಬಂದು ಕೂಸನ್ನು ಕಸಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.  ಆಗ ಅತ್ತೆ ನನ್ನ ಕೈ ಬಿಟ್ಟು ಎದ್ದಳು.

"ಶಕುನ ಇಲ್ಲ ಗಿಕುನ ಇಲ್ಲ. ಗಂಟ ಹಾಕಿದ್ದಿಲ್ಲ, ಬಿಚ್ಚದ. ನಿಮ್ಮ ಸೀರಿಗಿ ಗಂಟ ಹಾಕಿದಿಲ್ಲಂದ್ರ ಅದೂ ಬಿಚ್ತದ. ಅದಕ್ಕೂ ಶಕುನ ಅಂತೀರೇನು?"

ಹಿಂದೆ ಯಾರೋ ಕಿಸಕ್ಕೆಂದರು. ಅವ್ವ ತಲೆ ಎತ್ತಿದಳು.

"ಅಕ್ಕಾ."

"ಏನು?"

"ನೀವೇ ಮಾಡ್ರಿ. ನೀವೇ ಗಂಟ ಹಾಕ್ರಿ."

ಅತ್ತೆ ತೊಟ್ಟಿಲಿನಿಂದ ದಾರ ಬಿಡಿಸಿ ಉಂಡೆ ಸುತ್ತಿಕೊಂಡಳು. ಕೂಸನ್ನು ಅವ್ವನ ಸೀರೆಯ ಸೆರಗಿಗೆ ಬಿಟ್ಟು, ದುಪಟಿ ತೆಗೆದುಕೊಂಡು ಹೊಸ್ತಿಲ ಹತ್ತಿರ ಬಿಸಿಲಿಗೆ ಕುಳಿತಳು. ತುರುಬಿನಿಂದ ಸೂಜಿ ತೆಗೆದಳು. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿರುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಅದನ್ನು ಎಡಗೈಯ ಬೆರಳಿಗೆ ಬಿಗಿಯಾಗಿ ಸುತ್ತಿ ನೀಟು ಮಾಡುತ್ತ ಹೆಣೆದಳು. ಹೆಂಗಸರು ಗೋಡೆಗೆ ಒರಗಿ ಕುಳಿತರು. ಊಟಕ್ಕೆ ಏಳಿ ಎಂದರೆ ಒಬ್ಬಳೂ ಏಳಲಿಲ್ಲ, ಎದ್ದರೆ ಏನಾದರೂ ತಪ್ಪಿಹೋಗುತ್ತದೆ ಎಂದು. ಹುಗ್ಗಿ ಆರಿ ಮೇಲೆ ಪೊರೆ ಕಟ್ಟಿತು. ಅಂಚು ಮೂಲೆ ತಿರುಗಿ ಹೊರಟ ಜಾಗಕ್ಕೆ ಬಂತು. ಇನ್ನು ಕೊನೆಯ ಕುಣಿಕೆ. ಅತ್ತೆ ನಿಲ್ಲಿಸಿ, ಎದ್ದು, ಅವ್ವನ ಮುಂದೆ ಹೋಗಿ ಕುಳಿತು ಸೂಜಿ ಚಾಚಿದಳು.

"ತಗೋ. ನೀನ ಮುಚ್ಚು."

"ನಾ ಅಲ್ಲಕ್ಕಾ, ನೀವು..."

"ಇವತ್ತ ಅಂಜಿ ಕೊಡಾಕತ್ತಿ. ನಾಳಿಗಿ ಕೂಸಿಗಿ ನೆಗಡಿ ಬಂದ್ರ ನನ್ನ ಗಂಟ ನೆನಪಾಗ್ತದ ನಿನಗ. ಹಡದಾಕಿ ನೀ, ನೀನ ಹಾಕು. ಕೊಕ್ಕಿ ತೂರಸು. ಹಾಂ. ದಾರ ಹಿಡಿ. ಎಳಿ. ಇನ್ನೂ ಎಳಿ, ಹೆದರಬ್ಯಾಡ. ಈಗ ಕತ್ತರಸು."

ಅವ್ವ ಕತ್ತರಿಸಿದಳು. ಗಂಟು ದಪ್ಪಗೆ, ಕೆಟ್ಟದಾಗಿ ಬಂತು. ಆದರೆ ಬಿಗಿಯಾಗಿತ್ತು. ಆಮೇಲೆ ಅವ್ವ ಕೂಸನ್ನು ದುಪಟಿಯಲ್ಲಿ ಸುತ್ತಿ, ಆಯಿಯ ಕಡೆ ನೋಡದೆ, ಅತ್ತೆಯ ಮಡಿಲಿಗೆ ಹಾಕಿದಳು. ಅತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಬಸಣ್ಣ ಎಂದು. ಮೆಲ್ಲಗೆ ಹೇಳಬೇಕು, ಅವಳು ಓಣಿಗೆ ಕೇಳುವಷ್ಟು ಜೋರಾಗಿ ಹೇಳಿದಳು. ಕೂಸು ಬೆಚ್ಚಿ ಅತ್ತಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿ ಕೇಳಿದಳು.

"ದಾರ ಬಿಚ್ಚಾಕತ್ತದ್ದು ನೀ ಮೊದಲೇ ನೋಡಿದ್ದಿ, ಹೌದಿಲ್ಲೋ?"

"ನೋಡಿದ್ದೆ."

"ಮತ್ತ ಯಾಕ ಅನ್ನಲಿಲ್ಲ?"

"ನೀ ಯಾಕ ಅನ್ನಲಿಲ್ಲ, ಹೆಸರ ಕಾಶಿ ಹೇಳ್ತಾಳ ಅಂತ?"

ಹುಮನಾಬಾದ ಬಂತು. ಆಯಿ ತಾನೇ ಇಳಿದು ಹೋಗಿ ಭಜಿ ತಂದಳು, ಮೊದಲು ಅತ್ತೆಯ ಕೈಗೆ ಕೊಟ್ಟಳು.

ಇದಾದ ಮೇಲೆ ಅವ್ವ ಅತ್ತೆ ಒಂದಾದರು ಎಂದು ನೀವು ತಿಳಿದುಕೊಳ್ಳಬೇಡಿ. ಅರಿಶಿಣದ ಜಗಳ ಹಾಗೇ ನಡೆಯಿತು, ಪಾತ್ರೆಗೆ ಹೇಳುವ ಮಾತುಗಳೂ ಹಾಗೇ. ಬಸಣ್ಣನಿಗೆ ನೆಗಡಿ ಬಂತು, ಗೋಬರ ಅನ್ನುವ ದಡಾರ ಬಂತು, ಮಾಳಿಗೆಯಿಂದ ಬಿದ್ದು ಕೈ ಮುರಿಯಿತು. ಯಾವುದಕ್ಕೂ ಅವ್ವ ಗಂಟಿನ ಮಾತು ಎತ್ತಲಿಲ್ಲ, ಎತ್ತಲು ಗಂಟು ಅವಳದೇ ಆಗಿತ್ತು. ಅವನು ಈಗ ಹುಲಸೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸಕ್ಕರೆ ಕಾಯಿಲೆ ಇದೆ, ಅದಕ್ಕೂ ಅಂಚಿಗೂ ಸಂಬಂಧವಿಲ್ಲ. ಅತ್ತೆ ಮಾತ್ರ ಅವತ್ತಿನಿಂದ ಯಾರ ದುಪಟಿಗೂ ಬಾಯಿ ಬಿಡಲಿಲ್ಲ. ಬೇಕಾದವರು ಒಯ್ಯಿರಿ, ಬೇಡದವರು ಕೌದಿ ಹೊಲಿಸಿಕೊಳ್ಳಿ ಅಂದಳು. ಕೆಲವರು ಬರುವುದು ಬಿಟ್ಟರು. ಉಳಿದವರು ಗೊಣಗುತ್ತ ಒಯ್ದರು. ನಾನೂ ಇಂದಿಗೂ ಹಾಗೇ ಮಾಡುತ್ತೇನೆ. ಮೊಮ್ಮಕ್ಕಳು ಬಜಾರದಿಂದ ನುಣ್ಣಗಿನ ಬ್ಲ್ಯಾಂಕೆಟ್ ತರುತ್ತಾರೆ, ಅದಕ್ಕೆ ಕಾಜಾ ಹಾಕಿ ಅಂಚು ಕಟ್ಟುತ್ತೇನೆ, ಗಂಟು ಹಾಕುತ್ತೇನೆ, ಕತ್ತರಿಸುತ್ತೇನೆ. ಅರ್ಧ ಬಿಟ್ಟ ಕೆಲಸವನ್ನು, ಅರ್ಧ ಬಿಟ್ಟ ಮಾತನ್ನು ಕಂಡರೆ ನನಗಾಗುವುದಿಲ್ಲ. ಅದಕ್ಕೇ ನನ್ನ ಸೊಸೆಯಂದಿರು ನನ್ನನ್ನು ಒರಟು ಮುದುಕಿ ಅನ್ನುತ್ತಾರೆ. ಅನ್ನಲಿ.

ಇನ್ನೊಂದು ಹೇಳುವುದಿದೆ. ನನ್ನನ್ನೂ ಹುಮನಾಬಾದಿಗೇ ಕೊಟ್ಟರು. ಮೊದಲ ಸಲ ಬಸುರಾದಾಗ ಕುಬುಸ, ಅಂದರೆ ಸೀಮಂತ, ಮಾಡಲು ತವರಿನವರು ಬಂದರು. ಅತ್ತೆ ಬರಲಿಲ್ಲ, ಬಸುರಿಯ ಆರತಿಯಲ್ಲಿ ತನ್ನಂಥವಳು ಕಂಡರೆ ಮಂದಿಗೆ ಸೇರುವುದಿಲ್ಲ ಎಂದು ತಾನೇ ಉಳಿದಳಂತೆ. ಅವ್ವ ಬಂದಳು. ಹಸಿರು ಸೀರೆ, ಬಳೆ, ಸಿಹಿ ಎಲ್ಲ ತಟ್ಟೆಯಲ್ಲಿಟ್ಟು, ಮೇಲೆ ಒಂದು ದುಪಟಿ ಇಟ್ಟಳು. ಬಿಳಿ ಕಂಗೂರದ ಅಂಚು. ನನ್ನ ಗಂಡನ ಮನೆಯವರು ಸುತ್ತ ಕುಳಿತಿದ್ದರು. ಅತ್ತೆಯ ಗಂಡನ ಓಣಿಯ ಹೆಂಗಸರೂ ಇದ್ದರು, ನಮ್ಮ ಮನೆಗೆ ಅದು ಎರಡು ಓಣಿ ಆಚೆ ಅಷ್ಟೆ. ನನ್ನ ಗಂಡನ ತಾಯಿ ದುಪಟಿ ಎತ್ತಿ ಅಂಚಿನ ಮೇಲೆ ಬೆರಳಾಡಿಸುತ್ತ ಸುತ್ತ ಬಂದಳು.

"ಇದೇನ್ರಿ ಬೀಗತೀರ, ಕೂಸ ಹುಟ್ಟಿಲ್ಲ ಇನ್ನೂ. ಬಾಯಿ ಮುಚ್ಚೇ ತಂದೀರಿ?"

"ಹೌದ್ರಿ. ನಮ್ಮ ಮನ್ಯಾಗ ಹಿಂಗೇ."

"ಯಾರ ಕೈಲೆ ಮುಚ್ಚಸೀರಿ?"

 ಅವ್ವ ಅತ್ತೆಯ ಗಂಡನ ಓಣಿಯ ಹೆಂಗಸರು ಕುಳಿತ ಕಡೆಗೆ ತಿರುಗಿದಳು. ನನ್ನ ಕಡೆ ನೋಡಲಿಲ್ಲ.

"ನಮ್ಮ ಅಕ್ಕನ ಕೈಲೆ. ಕಾಶಮ್ಮನ ಕೈಲೆ. ನಾನೇ ಕೊಟ್ಟು ಹಾಕಸೀನಿ."

 ಆರತಿ ಎತ್ತಿದರು. ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ದುಪಟಿ ತೆಗೆದುಕೊಂಡು ಅಂಚಿನ ಮೇಲೆ ಹುಡುಕಿದೆ. ಗಂಟು ಸಿಗುವುದು ತಡವಾಯಿತು, ಅಷ್ಟು ಸಣ್ಣಗಿತ್ತು. ಪಕ್ಕದಲ್ಲಿ ದಾರದ ತುದಿ ಅಕ್ಕಿಯಷ್ಟು ಉಳಿದಿತ್ತು. ಅದನ್ನು ಉಗುರಿನಲ್ಲಿ ಹಿಡಿದು ಎಳೆದು ನೋಡಿದೆ. ಬರಲಿಲ್ಲ.